ಮಾತು ಕಡಿಯದಷ್ಟು ವೇಗ

ಜೂನ್ ೩, ಸೋಮವಾರ

ಎದೆಬಡಿತ ಯಾವಾಗ ಕೆಟ್ಟಿತು, ಎಷ್ಟು ಹೊತ್ತು ಕೆಟ್ಟೇ ಇತ್ತು ಎಂದು ಬರೆದಿಡಲು ಆಸ್ಪತ್ರೆಯವರು ಒಂದು ಪುಸ್ತಕ ಕೊಟ್ಟಿದ್ದಾರೆ. ಅದು ಊಟದ ಮೇಜಿನ ಮೇಲೆ, ತಂಗಿಯ ಕಣ್ಣಿಗೆ ಬೀಳುವ ಹಾಗೆ ಇದೆ. ಈ ಡೈರಿ ಬೇರೆ. ಇದು ಬೈಯುವುದಕ್ಕೆ ಇಟ್ಟುಕೊಂಡದ್ದು. ಬಾಯಿಬಿಟ್ಟು ಬೈದರೆ ತಂಗಿ ಎಲ್ಲಿದ್ದರೂ ಓಡಿಬಂದು ನನ್ನ ಕೈ ಹಿಡಿದು ನಾಡಿ ನೋಡುತ್ತಾಳೆ. ಅವಳಿಗೆ ನಾಡಿ ನೋಡಲು ಬರುವುದಿಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಫೋನು ಎತ್ತುವ ಕೆಲಸ ಅವಳದು.

ಮೊದಲ ಬೈಗುಳ ಹೃದಯದ ಡಾಕ್ಟರಿಗೆ. ನಾನು ಶಾಲೆಗೆ ಪಿಟಿ ಮೇಡಂ ಆಗಿ ಸೇರಿದಾಗ ಆತನಿಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಈಗ ಕಾಗದದ ಮೇಲೆ ಹೃದಯದ ಚಿತ್ರ ಬರೆದು ನನಗೆ ಪಾಠ ಹೇಳುತ್ತಾನೆ.

"ಮೇಲಿನ ಎರಡು ಕೋಣೆ ಹಿಂಡ್ಬೇಕು ಮೇಡಂ. ನಿಮ್ಮದು ಹಿಂಡ್ತಾ ಇಲ್ಲ, ಬರೀ ನಡುಗ್ತಾ ಇದೆ. ಅದಕ್ಕೇ ಕೆಳಗಿನ ಕೋಣೆಗಳಿಗೆ ತಾಳ ತಪ್ಪಿದೆ."

ಏಟ್ರಿಯಲ್ ಫಿಬ್ರಿಲೇಶನ್ ಅಂತೆ. ಬಂದು ಹೋಗುವ ಜಾತಿಯದಂತೆ, ಹೇಳದೆ ಕೇಳದೆ. ನನಗೇ ಯಾಕೆ ಎಂದು ಕೇಳಿದೆ. ಸಿಗರೇಟಿಲ್ಲ, ಕುಡಿತವಿಲ್ಲ, ಬೊಜ್ಜಿಲ್ಲ. ಕೆಲಸಕ್ಕೆ ಸೇರಿದ ದಿನದ ಟ್ರ್ಯಾಕ್ ಪ್ಯಾಂಟು ಇವತ್ತಿಗೂ ಸೊಂಟಕ್ಕೆ ಸರಿಯಾಗಿದೆ. ದಿನಾ ಬೆಳಿಗ್ಗೆ ಊರ ಸುತ್ತಿನ ರಸ್ತೆಯನ್ನು ಪೂರ್ತಿ ಓಡಿಯೇ ಹಲ್ಲುಜ್ಜುವವಳು ನಾನು.

"ಅದೇ ಇರಬಹುದು," ಅಂದ.

"ಯಾವುದು ಅದೇ?"

"ಓಟ. ಹದವಾದ ವ್ಯಾಯಾಮ ಈ ತೊಂದರೆನ ಕಮ್ಮಿ ಮಾಡುತ್ತೆ. ಆದ್ರೆ ವರ್ಷಗಟ್ಟಲೆ ಉಸಿರು ಕಟ್ಟೋ ಹಾಗೆ ಓಡಿದವರಲ್ಲಿ ಕೆಲವರಿಗೆ ಇದೇ ತೊಂದರೆ ಜಾಸ್ತಿ ಕಾಣ್ಸುತ್ತೆ. ನಿಮ್ಮ ವಿಷಯದಲ್ಲಿ ಅದೇ ಕಾರಣ ಅಂತ ನಾನು ಗಟ್ಟಿಯಾಗಿ ಹೇಳಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು. ಎದ್ದು ಬಂದುಬಿಟ್ಟೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ. ಮನುಷ್ಯರು ಮೋಸ ಮಾಡಿದ್ದಾರೆ, ಅದನ್ನೆಲ್ಲ ಓಡಿಯೇ ಕಳೆದುಕೊಂಡೆ. ಓಟವೇ ಮೋಸ ಮಾಡಿದರೆ ಯಾವ ಕಡೆಗೆ ಓಡುವುದು?

ಜೂನ್ ೪, ಮಂಗಳವಾರ

ಹೆಡ್‌ಮಾಸ್ಟರು ಕರೆದು ಕುರ್ಚಿ ತೋರಿಸಿದರು. ಇಷ್ಟು ವರ್ಷದಲ್ಲಿ ಈ ಮನುಷ್ಯ ನನಗೆ ಕುರ್ಚಿ ತೋರಿಸಿದ್ದು ಇದೇ ಮೊದಲು. ಆಗಲೇ ಅಂದುಕೊಂಡೆ, ಏನೋ ಕಿತ್ತುಕೊಳ್ಳುತ್ತಾರೆ ಎಂದು.

ಕಿತ್ತುಕೊಂಡದ್ದು ಮೈದಾನ. ಮಕ್ಕಳ ಎದುರಿಗೆ ಇನ್ನೊಮ್ಮೆ ತಲೆಸುತ್ತಿ ಬಿದ್ದರೆ ಶಾಲೆಯ ಗತಿಯೇನು ಎಂಬ ಚಿಂತೆ ಅವರಿಗೆ. ನನ್ನ ಗತಿ ಲೆಕ್ಕಕ್ಕೇ ಇಲ್ಲ. "ಡಾಕ್ಟರು ಬರೆದುಕೊಡಲಿ, ಮೈದಾನ ನಿಮ್ಮದೇ. ಅಲ್ಲಿವರೆಗೂ ಗ್ರಂಥಾಲಯ ನೋಡ್ಕೊಳ್ಳಿ," ಅಂದರು.

ಗ್ರಂಥಾಲಯದ ಕಿಟಕಿಯಿಂದ ಮೈದಾನ ಪೂರ್ತಿ ಕಾಣುತ್ತದೆ. ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಅವರೂ ಯೋಚಿಸಿ ಕೊಟ್ಟಿರಲಿಕ್ಕಿಲ್ಲ. ಅಲ್ಲಿ ಹೊಸಬನೊಬ್ಬ ನಿಂತಿದ್ದಾನೆ, ಕೂದಲಿಗೆ ಅದೇನೋ ಎಣ್ಣೆಯಂಥದ್ದು ಬಳಿದುಕೊಂಡು. ಸೀಟಿ ಊದುವಾಗ ಕೆನ್ನೆ ಉಬ್ಬಿಸುತ್ತಾನೆ. ಸೀಟಿಯನ್ನು ಹೊಟ್ಟೆಯಿಂದ ಊದಬೇಕು ಎನ್ನುವುದೂ ಗೊತ್ತಿಲ್ಲ.

ಸೆಪ್ಟೆಂಬರಿನಲ್ಲಿ ಇಡೀ ಶಾಲೆಯ ದೂರದ ಓಟ ಇದೆ. ಅದು ಶುರುವಾದ ವರ್ಷದಿಂದ ಎಲ್ಲರಿಗಿಂತ ಮುಂದೆ ಓಡುವವಳು ನಾನು. ಈ ವರ್ಷವೂ ನಾನೇ ಓಡುತ್ತೇನೆ. ಇದನ್ನು ಗೆರೆ ಎಳೆದು ಬರೆದಿದ್ದೇನೆ.

ಜೂನ್ ೭, ಶುಕ್ರವಾರ

ಡಾಕ್ಟರು ಬರೆದುಕೊಡಬೇಕಾದರೆ ಆಸ್ಪತ್ರೆಯ ವ್ಯಾಯಾಮದ ಕ್ಲಾಸಿಗೆ ಹೋಗಬೇಕಂತೆ. ಮಂಗಳವಾರ, ಶುಕ್ರವಾರ. ನನಗೆ ವ್ಯಾಯಾಮದ ಕ್ಲಾಸು!

ಹಿಂದಿನ ಕಟ್ಟಡದ ಒಂದು ಉದ್ದನೆಯ ಹಾಲು. ರಬ್ಬರಿನ ವಾಸನೆ, ಫಿನಾಯಿಲಿನ ವಾಸನೆ, ಗೋಡೆಗೆ ಆನಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು. ಕುರ್ಚಿಗಳ ಮೇಲೆ ತಾಳ ತಪ್ಪಿದ ಹೃದಯದವರು, ಬಸ್ಸು ತಪ್ಪಿಸಿಕೊಂಡವರ ಮುಖ ಹೊತ್ತು ಕೂತಿದ್ದರು. ಕಲಿಸುವವಳು ಒಬ್ಬ ಫಿಸಿಯೋಥೆರಪಿ ಹುಡುಗಿ. ಮಾತಿಗೆ ಮುಂಚೆ ನಗು, ಮಾತಿನ ನಡುವೆ ನಗು, ಮುಗಿದ ಮೇಲೂ ನಗು. ಅವಳಿಗೆ ಸಕ್ಕರೆ ಎಂದು ಹೆಸರಿಟ್ಟಿದ್ದೇನೆ.

ನಾನು ಮಣಿಕಟ್ಟಿನ ಪಟ್ಟಿ ತೋರಿಸಿದೆ. ನಾಡಿ ಎಣಿಸುವ ಪಟ್ಟಿ. ಎಷ್ಟಕ್ಕೆ ಏರಿಸಬೇಕು ಹೇಳಿ, ಅಷ್ಟಕ್ಕೆ ಏರಿಸುತ್ತೇನೆ ಎಂದೆ.

"ನಮ್ಮ ಕ್ಲಾಸಲ್ಲಿ ನಂಬರ್ ನೋಡಲ್ಲ ಮೇಡಂ," ಅಂದಳು ಸಕ್ಕರೆ. "ತಾಳ ತಪ್ಪಿರೋ ನಾಡಿಯ ಲೆಕ್ಕ ನಂಬೋಕಾಗಲ್ಲ. ನಾವು ಮಾತು ನೋಡ್ತೀವಿ. ಇಬ್ಬಿಬ್ಬರು ಜೊತೆಯಾಗಿ ಮಾತಾಡ್ಕೊಂಡು ನಡೀಬೇಕು. ಹಾಡೋಕಾಗುತ್ತೆ ಅಂದ್ರೆ ಇನ್ನೂ ಸ್ವಲ್ಪ ಜೋರು. ಒಂದು ವಾಕ್ಯ ಸಲೀಸಾಗಿ ಮುಗಿಯುತ್ತೆ ಅಂದ್ರೆ ಸರಿಯಾದ ವೇಗ. ನಡುವೆ ಮಾತು ಕಡಿದು ಹೋಯ್ತು ಅಂದ್ರೆ ಜಾಸ್ತಿ ಆಯ್ತು, ನಿಧಾನ ಮಾಡ್ಬೇಕು."

ನನ್ನ ಮೈದಾನದ ಮೊದಲ ನಿಯಮ ಏನು? ಓಡುವಾಗ ಬಾಯಿ ಮುಚ್ಚಬೇಕು. ಮಾತಾಡಿದವರಿಗೆ ಇನ್ನೊಂದು ಸುತ್ತು. ತಲೆಮಾರುಗಳನ್ನೇ ಹಾಗೆ ಓಡಿಸಿದ್ದೇನೆ. ಇಲ್ಲಿ ನೋಡಿದರೆ ಹರಟೆಯೇ ಪಾಠ.

ಜೂನ್ ೧೧, ಮಂಗಳವಾರ

ನನಗೆ ಸಿಕ್ಕ ಜೊತೆಗಾರ ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸುಗಳನ್ನು ಕೂಗುತ್ತಿದ್ದವನಂತೆ. ನಿವೃತ್ತಿಯಾಗಿದ್ದಾನೆ, ಆದರೆ ಮೈಕು ಆಫ್ ಆಗಿಲ್ಲ. ಹೊಟ್ಟೆ ಮುಂದೆ, ಆಸಾಮಿ ಹಿಂದೆ. ಆಸ್ಪತ್ರೆಯ ಗೋಡೆಯ ಬಣ್ಣದಿಂದ ಶುರುಮಾಡಿ ತನ್ನ ಹೆಂಡತಿಯ ಅಕ್ಕನ ಮಂಡಿನೋವಿನವರೆಗೆ ಉಸಿರು ತೆಗೆದುಕೊಳ್ಳದೆ ಬಂದ. ಇವನಿಗೆ ಮೈಕು ಎಂದೇ ಹೆಸರು, ಬೇರೆ ಹುಡುಕುವ ಶ್ರಮವಿಲ್ಲ.

"ನೀವೂ ಏನಾದ್ರೂ ಮಾತಾಡಿ ಮೇಡಂ, ಇಲ್ಲಾಂದ್ರೆ ಆ ಹುಡುಗಿ ನಿಮಗೆ ಜಾಸ್ತಿ ಆಯ್ತು ಅಂದ್ಕೊಳ್ತಾಳೆ," ಅಂದ.

"ನನಗೆ ಮಾತಾಡೋಕೆ ಬರಲ್ಲ."

"ಹಂಗಾದ್ರೆ ಕಥೆ ಕೇಳಿ."

ಕಥೆ ಇದು. ಒಂದು ದಿನ ನಿಲ್ದಾಣದಲ್ಲಿ ಹೆಂಗಸೊಬ್ಬಳು ಇವನ ಕೋಣೆಯ ಕಿಟಕಿಗೆ ಬಂದು, ನನ್ನ ಗಂಡ ಕಳೆದುಹೋಗಿದ್ದಾರೆ, ಕೂಗಿ ಕರೀರಿ ಅಂದಳಂತೆ. ಗುರುತು ಹೇಳಮ್ಮ ಅಂದರೆ, ಕಂದು ಕೋಟು, ಮುಂಗೋಪಿ, ಅಷ್ಟೇ ಅಂದಳಂತೆ. ಇವನು ಮೈಕಿನಲ್ಲಿ, "ಕಂದು ಕೋಟಿನ ಮುಂಗೋಪಿಗಳು ಎಲ್ಲಿದ್ದರೂ ಕಿಟಕಿಗೆ ಬರಬೇಕು" ಎಂದು ಕೂಗಿದನಂತೆ.

"ಎಷ್ಟು ಜನ ಬಂದ್ರು ಹೇಳಿ? ಮೂರು ಜನ! ಮೂರೂ ಕಂದು ಕೋಟು, ಮೂರಕ್ಕೂ ಮೂಗಿನ ತುದೀಲಿ ಕೋಪ."

ಅಷ್ಟಕ್ಕೆ ಸಕ್ಕರೆ ಕೈತಟ್ಟಿ ಸಮಯ ಆಯಿತು ಎಂದಳು. ಒಳ್ಳೆಯದೇ ಆಯಿತು. ತಲೆ ಚಿಟ್ಟುಹಿಡಿದಿತ್ತು.

ಜೂನ್ ೧೪, ಶುಕ್ರವಾರ

ಬಂದಿದ್ದ. ಮಾತಾಡಿದ. ಆ ಹೆಂಗಸು ಮೂವರನ್ನೂ ನೋಡಿ ತಲೆ ಅಲ್ಲಾಡಿಸಿದಳಂತೆ. ಹೌದು ಎಂದೋ ಅಲ್ಲ ಎಂದೋ ಇನ್ನೂ ಹೇಳಿಲ್ಲ.

ಜೂನ್ ೨೦, ಗುರುವಾರ

ನನ್ನ ಓಟದ ಶೂಗಳು ಕಾಣುತ್ತಿಲ್ಲ. ತಂಗಿಯನ್ನು ಕೇಳಿದೆ. "ನನಗೇನ್ ಗೊತ್ತು," ಎಂದು ಮುಖ ತಿರುಗಿಸಿದಳು. ಅವಳಿಗೆ ಸುಳ್ಳು ಹೇಳಲು ಚಿಕ್ಕಂದಿನಿಂದಲೂ ಬರುವುದಿಲ್ಲ, ಕಿವಿ ಕೆಂಪಾಗುತ್ತದೆ. ಮನೆಯೆಲ್ಲ ತಡಕಾಡಿದೆ. ಬಟ್ಟೆ ಒಗೆಯುವ ಯಂತ್ರದೊಳಗೆ ಹಳೆಯ ಕಂಬಳಿ ಸುತ್ತಿ ಇಟ್ಟಿದ್ದಳು.

"ನಾನೇನು ಕಳ್ಳಿನಾ, ನನ್ನ ಶೂ ನನ್ನಿಂದ್ಲೇ ಬಚ್ಚಿಡೋಕೆ?"

"ನೀನು ಬಿದ್ದ ದಿನ ಶಾಲೆಯವರು ಫೋನ್ ಮಾಡಿದ್ದು ನನಗೆ ಅಕ್ಕಾ, ನಿನಗಲ್ಲ," ಅಂದಳು. "ಆ ಫೋನು ನೀನು ಎತ್ತಿದ್ರೆ ಗೊತ್ತಾಗ್ತಿತ್ತು."

ಮಾತಿಗೆ ಮಾತು ಬೆಳೆಯಿತು. ನಾನು ಬಾಗಿಲು ದಡಾರನೆ ಹಾಕಿಕೊಂಡೆ. ಅವಳು ಆ ಕಡೆಯಿಂದ ಇನ್ನೊಂದು ಬಾಗಿಲು ದಡಾರ್ ಮಾಡಿದಳು. ಸಿಟ್ಟಿನಲ್ಲಿ ಎದೆ ಅಡ್ಡಾದಿಡ್ಡಿ ಹೊಡೆಯತೊಡಗಿತು. ಮೇಲಿನ ಮಹಡಿಯ ಬಾಡಿಗೆದಾರ ಕೇಳದೆ ಮಂಚ ಎಳೆದಾಡಿದ ಹಾಗೆ. ಇನ್ನುಮೇಲೆ ಅದಕ್ಕೆ ಬಾಡಿಗೆದಾರ ಎಂದೇ ಹೆಸರು. ಖಾಲಿ ಮಾಡಿಸುತ್ತೇನೆ ಅವನನ್ನು.

ಜೂನ್ ೨೩, ಭಾನುವಾರ

ಯಾರಿಗೂ ಹೇಳಿಲ್ಲ. ಇಲ್ಲಿ ಮಾತ್ರ ಬರೆಯುತ್ತೇನೆ.

ಶಾಲೆಗೆ ರಜೆ. ಕಾವಲುಗಾರನಿಗೆ ಪುಸ್ತಕ ಜೋಡಿಸುವುದಿದೆ ಎಂದು ಹೇಳಿ ಒಳಗೆ ಹೋಗಿ ಮೈದಾನಕ್ಕಿಳಿದೆ. ಬರೀ ಒಂದು ಸುತ್ತು ಅಂದುಕೊಂಡಿದ್ದೆ. ಆದರೆ ಕಾಲಿನ ಕೆಳಗೆ ಮಣ್ಣು ಸಿಕ್ಕಿದರೆ ನನಗೆ ಬೇರೆ ಏನೂ ಬೇಡ. ಎಷ್ಟು ಸಂತೋಷವಾಯಿತು ಎಂದರೆ ಬಾಯಿಬಿಟ್ಟು ನಕ್ಕೆ. ಬಾಡಿಗೆದಾರ ಮೇಲೆ ಕುಣಿಯತೊಡಗಿದ್ದು ಗೊತ್ತಾಯಿತು. ಪಟ್ಟಿ ನೋಡಿದೆ. ತೊಂಬತ್ತರ ಆಸುಪಾಸು. ತೊಂಬತ್ತು ಅಂದರೆ ನನಗೆ ಮೆಟ್ಟಿಲು ಹತ್ತಿದ ಲೆಕ್ಕ. ನೋಡಿದೆಯಾ, ಸುಮ್ಮನೆ ಹೆದರಿಸುತ್ತಾನೆ ಎಂದು ಇನ್ನೂ ಜೋರು ಮಾಡಿದೆ. ಮತ್ತೆ ನೋಡಿದೆ. ಅಷ್ಟೇ. ಮತ್ತೂ ಜೋರು.

ಆಮೇಲೆ ಮೈದಾನದ ಅಂಚು ಕಪ್ಪಾಗುತ್ತ ಬಂತು. ಉದ್ದ ಜಿಗಿತದ ಮರಳುಗುಂಡಿಯ ಹತ್ತಿರವಿದ್ದದ್ದು ಪುಣ್ಯ. ಅದರಲ್ಲೇ ಕುಸಿದು ಕೂತೆ. ಬಾಯಲ್ಲಿ ಮರಳು. ಯಾರನ್ನಾದರೂ ಕೂಗಬೇಕೆಂದರೆ ದನಿ ಹೊರಡಲಿಲ್ಲ. ಹೆದರಿಕೆಯಾಯಿತು. ಇಷ್ಟು ಹೆದರಿಕೆ ನನಗೆ ಯಾವತ್ತೂ ಆಗಿಲ್ಲ. ಪಟ್ಟಿ ಆಗಲೂ ತೊಂಬತ್ತೇ ಎನ್ನುತ್ತಿತ್ತು.

ಜೂನ್ ೨೫, ಮಂಗಳವಾರ

ಯಾರಿಗೂ ಹೇಳಬಾರದೆಂದಿದ್ದೆ. ಕ್ಲಾಸಿನಲ್ಲಿ ಸಕ್ಕರೆ ನನ್ನ ಮುಖ ನೋಡಿದವಳೇ ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಎದೆಗೆ ತಂತಿ ಅಂಟಿಸಿದಳು. ಬಾಡಿಗೆದಾರ ಭಾನುವಾರದಿಂದ ಮಂಚ ಎಳೆಯುವುದನ್ನು ನಿಲ್ಲಿಸಿರಲೇ ಇಲ್ಲ. ಪರದೆಯ ಮೇಲೆ ಗೆರೆ ಹುಚ್ಚಾಪಟ್ಟೆ ಓಡುತ್ತಿತ್ತು.

"ಈಗ ಕೈ ಕೊಡಿ," ಅಂದಳು. ನನ್ನ ಮಣಿಕಟ್ಟಿನ ಮೇಲೆ ನನ್ನದೇ ಬೆರಳಿಟ್ಟು ಪರದೆ ನೋಡಲು ಹೇಳಿದಳು. ಅಲ್ಲಿ ಒಂದು, ಎರಡು, ಮೂರು ಏಟು ಬಿದ್ದರೆ ಬೆರಳಿಗೆ ತಾಗುತ್ತಿದ್ದದ್ದು ಎರಡೇ. ಕೆಲವು ಸಲ ಒಂದೇ.

"ಗಡಿಬಿಡೀಲಿ ಹೊಡೆದಾಗ ಹೃದಯ ತುಂಬೋಕೇ ಪುರುಸೊತ್ತಿರಲ್ಲ. ಖಾಲಿ ಏಟು. ಅದು ಮಣಿಕಟ್ಟಿನವರೆಗೆ ಬರೋದೇ ಇಲ್ಲ. ನಿಮ್ಮ ಪಟ್ಟಿ ಬಂದಿದ್ದನ್ನ ಮಾತ್ರ ಎಣಿಸಿದೆ. ನೀವು ಓಡಿದಾಗ ಒಳಗೆ ನೂರೈವತ್ತರ ಮೇಲೇ ಇತ್ತೇನೋ."

ಭಾನುವಾರದ ವಿಷಯ ನಾನು ಹೇಳಿರಲೇ ಇಲ್ಲ. ಹೇಗೆ ಗೊತ್ತಾಯಿತು ಎಂದೆ. ಶೂನಲ್ಲಿ ಮರಳಿದೆ ಅಂದಳು. ಆಮೇಲೆ ನಗಲಿಲ್ಲ. ಮೊದಲ ಸಲ. "ಉಸಿರು ಕೇಳಿಸ್ಕೊಳ್ಳಿ ಅಂತ ಹೇಳಿದ್ದೆ. ನೀವು ಪಟ್ಟಿಯ ಮಾತು ಕೇಳಿದ್ರಿ. ಇನ್ನೊಂದು ಸಲ ಹೀಗೆ ಮಾಡಿದ್ರೆ ಸರ್ಟಿಫಿಕೇಟ್ ಮರೆತುಬಿಡಿ."

ನನ್ನನ್ನು ಗದರಿಸಿದಳು! ಡಾಕ್ಟರನ್ನು ಕರೆಸಿ ಮಾತ್ರೆ ಬದಲಾಯಿಸಿದರು, ಕ್ಲಾಸು ಒಂದು ವಾರ ಬಂದ್. ಮನೆಗೆ ಬಂದು ಪಟ್ಟಿ ಬಿಚ್ಚಿ ಡ್ರಾಯರಿಗೆ ಎಸೆದೆ. ಅದಕ್ಕೂ ಎರಡು ಬೈಗುಳ ಸಲ್ಲಬೇಕು: ಸುಳ್ಳಿ. ಹೊಗಳುಭಟ್ಟ.

ಜುಲೈ ೫, ಶುಕ್ರವಾರ

ವಾರದ ಮೇಲೆ ಹೋದರೆ ಮೈಕು ನನ್ನ ಕುರ್ಚಿಯ ಮೇಲೆ ಟವೆಲು ಹಾಸಿ ಹಿಡಿದಿಟ್ಟಿದ್ದ. ಯಾರೂ ಹೇಳಿರಲಿಲ್ಲ. ತಲೆಹರಟೆ.

"ನೀವಿಲ್ದೆ ಕಥೆ ಮುಂದಕ್ಕೆ ಹೋಗಿಲ್ಲ ಮೇಡಂ. ಮೂರೂ ಕೋಟು ಕಿಟಕಿ ಮುಂದೇನೇ ನಿಂತಿದಾವೆ."

"ನಿಂತಿರ್ಲಿ. ಕಾಲು ನೋಯಲಿ."

ಅವನು ಹಾ ಹಾ ಎಂದು ನಕ್ಕ, ನಗುತ್ತ ನಡೆದ, ನಡೆಯುತ್ತ ಹೇಳಿದ. ಮೊದಲ ಕೋಟಿನವನು ಹೆಂಗಸಿಗೆ, "ಎಲ್ಲಿಗೆ ಸತ್ತಿದ್ದೆ" ಅಂದನಂತೆ. ಎರಡನೆಯವನು ಮೈಕುವಿಗೆ, "ನನ್ನನ್ನ ಮುಂಗೋಪಿ ಅಂತ ಕೂಗೋಕೆ ನೀನ್ಯಾರು" ಅಂದನಂತೆ. ಮೂರನೆಯವನು ಏನೂ ಅನ್ನದೆ ಮಿಕ್ಕ ಇಬ್ಬರನ್ನೂ ದುರುಗುಟ್ಟಿ ನೋಡಿದನಂತೆ.

"ಮೂರನೆಯವನೇ," ಅಂದೆ.

"ಯಾಕೆ?"

"ನನಗೆ ಗೊತ್ತು."

ಸಕ್ಕರೆ ದೂರದಿಂದ, "ಪಿಟಿ ಮೇಡಂ ವಾಕ್ಯ ಸಲೀಸಾಗಿ ಬರ್ತಾ ಇದೆ, ಇನ್ನೂ ಸ್ವಲ್ಪ ಜೋರು ನಡೀಬಹುದು," ಎಂದು ಕೂಗಿದಳು. ನಾನು ಮಾತಾಡುತ್ತಿದ್ದೆನೇ?

ಜುಲೈ ೧೨, ಶುಕ್ರವಾರ

ಗ್ರಂಥಾಲಯದಲ್ಲಿ ಇಡೀ ದಿನ ಶ್, ಶ್ ಎನ್ನುವುದೇ ಕೆಲಸ. ಹೊಸಬ ಮಕ್ಕಳನ್ನು ಮೈ ಬಿಸಿ ಮಾಡಿಸದೆ ಓಡಿಸುತ್ತಾನೆ. ಕಿಟಕಿ ತೆಗೆದು ಕಿರುಚಿಬಿಟ್ಟೆ. ಓದುತ್ತಿದ್ದವರೆಲ್ಲ ನನಗೇ ಶ್ ಅಂದರು.

ಜುಲೈ ೨೩, ಮಂಗಳವಾರ

ಎದೆಗೆ ವಾರಪೂರ್ತಿ ಅಂಟಿಸಿದ್ದ ರೆಕಾರ್ಡರನ್ನು ಡಾಕ್ಟರು ನೋಡಿದ. ಬಾಡಿಗೆದಾರನ ಗಲಾಟೆ ಜೂನಿನಲ್ಲಿ ಇದ್ದದ್ದರ ಅರ್ಧಕ್ಕೆ ಇಳಿದಿದೆ. ಬಂದರೂ ಬೇಗ ಹೋಗುತ್ತಿದೆ.

"ನೋಡಿ, ಹದವಾದ ನಡಿಗೆ ಕೆಲಸ ಮಾಡ್ತಾ ಇದೆ," ಅಂದ, ತಾನೇ ನಡೆದವನ ಹಾಗೆ.

"ಹಾಗಾದ್ರೆ ಓಟ ಒಳ್ಳೇದೋ ಕೆಟ್ಟದ್ದೋ? ಒಂದು ಹೇಳಿ."

"ಉಪ್ಪು ಒಳ್ಳೇದೋ ಕೆಟ್ಟದ್ದೋ ಮೇಡಂ?"

ಇಂಥವರ ಜೊತೆ ಮಾತಾಡಬಾರದು. ಮನೆಗೆ ಬಂದು ತಂಗಿಗೆ ಹೇಳಿದೆ, ಅರ್ಧಕ್ಕೆ ಇಳಿದಿದೆ ಎಂದು. ಅವಳು ಹೋಗಿ ಬಟ್ಟೆ ಒಗೆಯುವ ಯಂತ್ರದಿಂದ ಶೂ ತಂದು ಬಾಗಿಲ ಬಳಿ ಇಟ್ಟಳು. ಮತ್ತೆ ಯಾವಾಗ ಬಚ್ಚಿಟ್ಟಿದ್ದಳೋ! ಜುಲೈಯಿಂದ ನಾನು ಕ್ಲಾಸಿಗೆ ಚಪ್ಪಲಿಯಂಥ ನಡಿಗೆಯ ಶೂ ಹಾಕಿಕೊಂಡು ಹೋಗುತ್ತಿದ್ದರಿಂದ ಗಮನಿಸಿಯೇ ಇರಲಿಲ್ಲ.

ಆಗಸ್ಟ್ ೯, ಶುಕ್ರವಾರ

ಮಂಗಳವಾರ ಕೊನೆಯ ನಡಿಗೆಯ ಪರೀಕ್ಷೆ. ಕೊಟ್ಟ ಹೊತ್ತಿನಲ್ಲಿ ಹಾಲಿನ ಸುತ್ತ ಎಷ್ಟು ದೂರ ನಡೆಯುತ್ತೇವೆ ಎಂದು ಅಳೆಯುತ್ತಾರೆ. ಅದನ್ನು ನೋಡಿಯೇ ಡಾಕ್ಟರು ಬರೆದುಕೊಡುವುದು. ಇಡೀ ಆಸ್ಪತ್ರೆಯಲ್ಲಿ ಯಾರೂ ನಡೆದಿರದಷ್ಟು ದೂರ ನಡೆದು ಆ ಕಾಗದವನ್ನು ಹೆಡ್‌ಮಾಸ್ಟರ ಮೇಜಿನ ಮೇಲೆ ಬಡಿಯುತ್ತೇನೆ.

ಮೈಕುವಿಗೆ ಹೇಳಿದೆ, ಅವತ್ತು ನಾನು ನಿನಗೋಸ್ಕರ ನಿಧಾನ ಮಾಡಲ್ಲ ಎಂದು.

"ಯಾರು ಮಾಡಿ ಅಂದ್ರು? ನಾನೂ ಬರ್ತೀನಿ ನಿಮ್ಮ ಸಮಕ್ಕೆ."

"ನೀನಾ? ಜೀವಮಾನವೆಲ್ಲ ಬಸ್ಸು ಕೂಗಿದ್ದೀಯ, ಒಂದು ದಿನ ಬಸ್ಸಿನ ಹಿಂದೆ ಓಡಿದ್ದೀಯಾ?"

ಅವನು ನಕ್ಕ. ಆದರೆ ಹಾ ಹಾ ಎಂದು ನಗಲಿಲ್ಲ. ಇರಲಿ, ಮುಟ್ಟಿ ನೋಡಿಕೊಳ್ಳಲಿ. ಮೂರೂ ಕೋಟುಗಳು ಈಗ ಒಂದೇ ಬೆಂಚಿನ ಮೇಲೆ ಕೂತಿವೆ, ಹೆಂಗಸು ಎದುರಿಗೆ ನಿಂತಿದ್ದಾಳೆ. ಯಾರೆಂದು ಮಂಗಳವಾರ ಹೇಳುತ್ತಾನಂತೆ.

ಆಗಸ್ಟ್ ೧೩, ಮಂಗಳವಾರ

ಪೆನ್ಸಿಲಿನ ಮೊನೆ ಎರಡು ಸಲ ಮುರಿಯಿತು. ಸಿಟ್ಟಿಗೆ.

ಪರೀಕ್ಷೆ ಶುರುವಾದಾಗ ಮೈಕು ನನ್ನ ಪಕ್ಕದಲ್ಲೇ ಇದ್ದ. ಹೇಳಿದ ಹಾಗೇ ಸಮಕ್ಕೆ ಬಂದ. ಕಥೆಯನ್ನೂ ಹಿಡಿದ. ಹೆಂಗಸು ಬೆಂಚಿನ ಮುಂದೆ ಬಂದಳು, ಮೊದಲನೆಯವನ ಕೋಟಿನ ಗುಂಡಿ ನೋಡಿದಳು, ಎರಡನೆಯವನ ಶೂ ನೋಡಿದಳು. ನಾನು ಜೋರು ಮಾಡಿದೆ. ವಾಕ್ಯ ಸಲೀಸಾಗಿಯೇ ಬರುತ್ತಿತ್ತು, ಬಾಡಿಗೆದಾರ ನಿದ್ದೆ ಹೋಗಿದ್ದ. ಇಂಥ ದಿನ ವರ್ಷಕ್ಕೊಂದು ಸಿಗುತ್ತದೆ, ಕಾಲು ತಾನಾಗಿ ಹೋಗುತ್ತಿರುತ್ತದೆ. ಅವನಿಗಿಂತ ಮುಂದೆ ಬಂದೆ. ಹಿಂದಿನಿಂದ ಅವನ ಮಾತು ಕೇಳುತ್ತಲೇ ಇತ್ತು. "ಆಮೇಲೆ ಮೂರನೆಯವನ... ಮುಖ... ನೋಡಿ ಅವಳು..." ಅಂದ. ಆಮೇಲೆ ಇಲ್ಲ.

ತಿಂಗಳುಗಟ್ಟಲೆ ಯಾವ ದನಿ ನಿಂತರೆ ಸಾಕು ಅಂದುಕೊಂಡಿದ್ದೆನೋ ಅದು ನಿಂತಿತು. ಇನ್ನು ನಾಲ್ಕು ಹೆಜ್ಜೆ ಹಾಕಿದ್ದರೆ ಆಸ್ಪತ್ರೆಯ ಹಳೆಯ ದಾಖಲೆಯನ್ನು ದಾಟುತ್ತಿದ್ದೆ. ಕತ್ತೆ, ವಾಕ್ಯವನ್ನಾದರೂ ಮುಗಿಸಬೇಕಿತ್ತು. ತಿರುಗಿ ನೋಡಿದೆ. ಗೋಡೆ ಹಿಡಿದು ನಿಂತಿದ್ದ. ಮುಖ ಸೀಮೆಸುಣ್ಣ. ಸಕ್ಕರೆ ಆ ತುದಿಯಲ್ಲಿ ಗಡಿಯಾರ ನೋಡುತ್ತಿದ್ದಳು. ನಾನು ವಾಪಸು ಓಡಿದೆ, ಹೌದು, ಓಡಿದೆ, ಹೋಗಿ ಅವನ ಕಂಕುಳಿಗೆ ಕೈ ಕೊಟ್ಟು ನೆಲಕ್ಕೆ ಕೂರಿಸಿ, ಹೊಟ್ಟೆಯಿಂದ ಸೀಟಿ ಊದುವ ಹಾಗೆ ಸಕ್ಕರೆಯನ್ನು ಕೂಗಿದೆ.

"ಮಾತಾಡು," ಅಂದೆ ಅವನಿಗೆ.

ಅವನು ತಲೆ ಅಲ್ಲಾಡಿಸಿದ. ಆಗುತ್ತಿರಲಿಲ್ಲ. ನನಗೆ ದಿಗಿಲಾಗಿ ನಾನೇ ಮಾತಾಡಿದೆ. ಏನೆಂದು ನೆನಪಿಲ್ಲ. ಹೊಸಬನ ತಲೆಯ ಎಣ್ಣೆ, ತಂಗಿಯ ಕೆಂಪು ಕಿವಿ, ಮರಳುಗುಂಡಿ, ಬಾಡಿಗೆದಾರ, ಎಲ್ಲ. ಸ್ಟ್ರೆಚರು ಬರುವ ತನಕ ಬಾಯಿ ಮುಚ್ಚಲಿಲ್ಲ. ಅವನು ನನ್ನ ಕೈ ಹಿಡಿದುಕೊಂಡೇ ಇದ್ದ. ನನ್ನ ಬೆರಳುಗಳು ಇನ್ನೂ ನೋಯುತ್ತಿವೆ.

ಬೆಳಗಿನ ಮಾತ್ರೆ ನುಂಗಿರಲಿಲ್ಲವಂತೆ. ಹೃದಯದ ವೇಗವನ್ನು ಹಿಡಿದಿಡುವ ಮಾತ್ರೆ ಅದು. ನುಂಗಿದರೆ ಕಾಲು ಭಾರವಾಗುತ್ತದೆ, ಮೇಡಂ ಸಮಕ್ಕೆ ಬರಲಾಗುವುದಿಲ್ಲ ಎಂದು ಬಿಟ್ಟನಂತೆ. ಮೂರ್ಖ. ಶತಮೂರ್ಖ. ನಾನು ಹೇಳಿದ ಮಾತಿಗೂ ಇದಕ್ಕೂ ಸಂಬಂಧವಿಲ್ಲ.

ನನ್ನ ಪರೀಕ್ಷೆಯ ಹಾಳೆಯಲ್ಲಿ 'ಅರ್ಧಕ್ಕೆ ನಿಂತಿದೆ' ಎಂದು ಬರೆದರು.

ಆಗಸ್ಟ್ ೧೪, ಬುಧವಾರ

ಸಂಬಂಧವಿಲ್ಲ.

ಆಗಸ್ಟ್ ೧೭, ಶನಿವಾರ

ವಾರ್ಡಿಗೆ ಹೋಗಿದ್ದೆ. ಬೈಯುವುದಕ್ಕೆ. ದಿಂಬಿಗೆ ಒರಗಿ ಪಕ್ಕದ ಹಾಸಿಗೆಯವನಿಗೆ ಬಸ್ಸುಗಳ ವಿಷಯ ಹೇಳುತ್ತಿದ್ದ. ದನಿ ಸಣ್ಣಗಿತ್ತು. ನಾನು ಹೋದಕೂಡಲೇ ಪಕ್ಕದವನು ಬಿಡುಗಡೆಯಾದವನ ಹಾಗೆ ಆ ಕಡೆ ತಿರುಗಿ ಮಲಗಿದ.

"ಮಾತ್ರೆ ಬಿಡ್ತಾರೇನಯ್ಯಾ ಯಾರಾದ್ರೂ? ಬುದ್ಧಿ ಇದೆಯಾ?"

"ಇಲ್ಲ ಮೇಡಂ."

ಒಪ್ಪಿಕೊಂಡುಬಿಟ್ಟರೆ ಬೈಯುವುದು ಹೇಗೆ? ಸ್ಟೂಲು ಎಳೆದುಕೊಂಡು ಕೂತೆ. ಆಮೇಲೆ ಕೇಳಿದೆ. ನೆನಪು ಕೆಡುತ್ತದೆ, ಮುಗಿಸಿಬಿಡು, ಮೂರರಲ್ಲಿ ಯಾರು ಎಂದು.

ಅವನು ಚಾವಣಿ ನೋಡಿದ. "ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಹೆಂಗಸೂ ಇಲ್ಲ, ಕೋಟೂ ಇಲ್ಲ ಮೇಡಂ. ನೀವು ಮಾತಾಡಲ್ಲ ಅಂದ್ರಲ್ಲ, ಒಬ್ಬನೇ ಎಷ್ಟು ಮಾತಾಡೋದು? ನಡಿಗೆ ಎಷ್ಟು ಉದ್ದ ಇರುತ್ತೋ ಅಷ್ಟು ಉದ್ದ ಹೆಣೀತಾ ಹೋದೆ. ಮುಂಗೋಪಿ ಅಂದಾಗ ನೀವು ಒಂದು ಸಲ ತಿರುಗಿ ನೋಡಿದ್ರಿ. ಅದಕ್ಕೇ ಎಳೆದೆ."

ಎರಡು ತಿಂಗಳು! ಅದರಲ್ಲಿ ಒಂದೂವರೆ ತಿಂಗಳು ನಾನು ಮೂರನೆಯವನ ಪರ ನಿಂತಿದ್ದೆ. ಮೈಯೆಲ್ಲ ಉರಿಯಿತು. ಬರುವಾಗ ಅವನ ಮೇಜಿನ ಮೇಲಿದ್ದ ಮಾತ್ರೆಯ ಡಬ್ಬಿಯನ್ನು ಕೈಗೆಟುಕುವ ಹಾಗೆ ಹತ್ತಿರಕ್ಕೆ ಸರಿಸಿಟ್ಟು ಬಂದೆ.

ಆಗಸ್ಟ್ ೨೦, ಮಂಗಳವಾರ

ಪರೀಕ್ಷೆ ಮತ್ತೆ ಕೊಟ್ಟೆ. ಒಬ್ಬಳೇ. ಚೆನ್ನಾಗಿ ನಡೆದೆ, ಆದರೆ ದಾಖಲೆಯೇನಲ್ಲ. ಪಕ್ಕದಲ್ಲಿ ಯಾರೂ ವಟಗುಟ್ಟದಿದ್ದರೆ ವೇಗ ತಿಳಿಯುವುದೇ ಇಲ್ಲ, ನಡುವೆ ಎರಡು ಸಲ ನಾನೇ ಏನೋ ಗೊಣಗಿಕೊಂಡು ನೋಡಬೇಕಾಯಿತು. ಡಾಕ್ಟರು ಬರೆದುಕೊಟ್ಟ: ಮೈದಾನದ ಕೆಲಸ ಮಾಡಬಹುದು. ಹದವಾಗಿ ಓಡಬಹುದು. ಪೈಪೋಟಿಯ ಓಟ ಬೇಡ.

ಆ ಕೊನೆಯ ಸಾಲನ್ನು ಬಸ್ಸಿನಲ್ಲಿ ಎಷ್ಟು ಸಲ ಓದಿದೆನೋ. ಕಣ್ಣೀರು ಬರುತ್ತದೇನೋ ಅಂದುಕೊಂಡೆ. ಬರಲಿಲ್ಲ. ಹೊಟ್ಟೆ ಹಸಿದಿತ್ತು.

ಆಗಸ್ಟ್ ೨೪, ಶನಿವಾರ

ಮೈದಾನ ಸಿಕ್ಕಿತು. ದೂರದ ಓಟದ ಮುಂದಾಳತ್ವ ಸಿಗಲಿಲ್ಲ. ಮುಂದೆ ಹೊಸಬ, ಬಾಲಕ್ಕೆ ನಾನು. "ಹಿಂದೆ ಉಳಿದೋರನ್ನ ಕರ್ಕೊಂಡು ಬರೋಕೆ ಅನುಭವ ಇರೋರೇ ಬೇಕು," ಎಂದು ಹೆಡ್‌ಮಾಸ್ಟರು ಬೆಣ್ಣೆ ಹಚ್ಚಿದರು. ಬಾಲ ಎಂದರೆ ಬಾಲವೇ. ಹೊಸಬ ಸೀಟಿ ವಾಪಸು ಕೊಡಲು ಬಂದ. ಇಟ್ಟುಕೋ, ಆದರೆ ಹೊಟ್ಟೆಯಿಂದ ಊದು ಎಂದು ಊದಿ ತೋರಿಸಿದೆ. ಕಿವಿ ಮುಚ್ಚಿಕೊಂಡ.

ಸೆಪ್ಟೆಂಬರ್ ೭, ಶನಿವಾರ

ಓಟ ಮುಗಿಯಿತು. ಬಾಲ ಎಂಥ ಜಾಗ ಎಂದು ನನಗೆ ಗೊತ್ತಿರಲಿಲ್ಲ, ಮುಂದೆ ಓಡುವವರಿಗೆ ಗೊತ್ತಾಗುವುದಿಲ್ಲ. ಪಕ್ಕೆ ಹಿಡಿದುಕೊಂಡವರು, ಶೂ ಲೇಸು ಬಿಚ್ಚಿಕೊಂಡವರು, ಮುಖ ಕೆಂಪಾಗಿ ಅಳು ಬಂದವರು, ಎಲ್ಲ ಇಲ್ಲೇ. ಅಲ್ಲೊಬ್ಬಳು ದಪ್ಪಗಿನ ಕನ್ನಡಕದ ಹುಡುಗಿ, ಹಲ್ಲು ಕಚ್ಚಿಕೊಂಡು, ತುಟಿ ಬಿಗಿದು, ಯಮ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತಿದ್ದಳು.

"ಬಾಯಿ ಯಾಕೆ ಮುಚ್ಚಿದ್ದೀಯ?" ಅಂದೆ.

"ಮಾತಾಡಿದ್ರೆ... ಇನ್ನೊಂದು... ಸುತ್ತು... ಮಿಸ್."

"ಜಾಸ್ತಿ ಆಗಿದೆ ನಿನಗೆ. ನಿಧಾನ ಮಾಡು. ಮಾತಾಡು."

ಅವಳು ನನಗೆ ಹುಚ್ಚು ಹಿಡಿದಿದೆ ಎಂಬಂತೆ ನೋಡಿದಳು. "ಏನ್ ಮಾತಾಡ್ಲಿ ಮಿಸ್?"

ಬೇರೆ ಏನೂ ಹೊಳೆಯದೆ ಆ ಮೂರು ಕೋಟಿನ ಕಥೆಯನ್ನೇ ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ಲೇಸಿನವರು, ಪಕ್ಕೆಯವರು ಎಲ್ಲ ನನ್ನ ಸುತ್ತ ಸೇರಿಕೊಂಡು ಅದೇ ವೇಗಕ್ಕೆ ಬಂದರು. ಯಾರು ಮಿಸ್, ಮೊದಲನೆಯವನಾ, ಎರಡನೆಯವನಾ ಎಂದು ನೂರು ಪ್ರಶ್ನೆ. ಒಬ್ಬರ ವಾಕ್ಯವೂ ಕಡಿಯುತ್ತಿರಲಿಲ್ಲ. ಶಾಲೆಯ ಗೇಟು ಕಾಣಿಸಿತು, ಕಥೆಗೊಂದು ಕೊನೆ ಬೇಕಾಯಿತು.

"ಆ ಹೆಂಗಸು ಮೂವರಿಗೂ, ಎದ್ದೇಳಿ, ನಿಲ್ದಾಣದ ಸುತ್ತ ಓಡಿ ಅಂದ್ಲು. ಮೂವರೂ ಬೈಕೊಂಡೇ ಓಡಿದ್ರು. ಅವಳು ಅವರ ಹಿಂದೆ ಟ್ರಂಕು ಹೊತ್ಕೊಂಡು ನಿಧಾನಕ್ಕೆ ಹೊರಟಳು. ಮೊದಲನೆಯವನು ಗೆದ್ದ. ಎರಡನೆಯವನು ಜಗಳ ತೆಗೆದ. ಒಬ್ಬ ಮಾತ್ರ ನಡುವೆ ನಿಂತು ತಿರುಗಿ ನೋಡಿದ, ಇವಳು ಬರ್ತಾ ಇದಾಳಾ ಅಂತ."

"ಅವನೇ ಗಂಡ!" ಎಂದು ಎಲ್ಲ ಒಟ್ಟಿಗೆ ಕೂಗಿದರು.

"ಅವನೇ. ತಿರುಗಿ ನೋಡಿ ಏನಂದ ಗೊತ್ತಾ? ಬೇಗ ಬಾರೇ ಕತ್ತೆ, ಅಂದ."

ಇಂಥ ಅವಿವೇಕದ ಕೊನೆಯನ್ನು ನಾನು ಹೇಗೆ ಹೇಳಿದೆನೋ. ಟ್ರಂಕು ಮೂಲ ಕಥೆಯಲ್ಲಿ ಇರಲೇ ಇಲ್ಲ. ಗೇಟಿನಲ್ಲಿ ತಂಗಿ ನಿಂತಿದ್ದಳು, ಕ್ಲಿನಿಕ್ಕಿಗೆ ರಜೆ ಹಾಕಿ. ನನ್ನ ಕೈ ಹಿಡಿದು ನಾಡಿ ನೋಡಿದಳು. ಬರುವುದಿಲ್ಲವಲ್ಲ ಅವಳಿಗೆ, ಎಷ್ಟು ಹೊತ್ತಾದರೂ ಹಿಡಿದೇ ಇದ್ದಳು. ನಾನೂ ಬಿಡಿಸಿಕೊಳ್ಳಲಿಲ್ಲ, ಜನ ನೋಡುತ್ತಿದ್ದರು.

ಮಂಗಳವಾರ ಮೈಕು ಕ್ಲಾಸಿಗೆ ವಾಪಸು ಬರುತ್ತಾನಂತೆ. ಸಕ್ಕರೆ ಫೋನು ಮಾಡಿದ್ದಳು. ಅವನಿಗೆ ಜೊತೆ ಯಾರೂ ಇಲ್ಲ, ನಿಮ್ಮದು ಮುಗಿದಿದೆ, ಆದರೂ ಬರ್ತೀರಾ ಎಂದು ಕೇಳಿದಳು. ನನಗೆ ಬೇರೆ ಕೆಲಸವಿಲ್ಲವೇ ಎಂದು ರೇಗಿದೆ.

ಹೋಗುತ್ತೇನೆ. ಅವನಿಗೆ ಇನ್ನೂ ಉಸಿರು ಸಾಲದು, ನಾನೇ ಮಾತಾಡಬೇಕಾಗುತ್ತದೆ. ನಾಲ್ಕನೆಯ ಕೋಟಿನವನೊಬ್ಬ ತಡವಾಗಿ ಬಂದ ಎಂದು ಶುರುಮಾಡುತ್ತೇನೆ. ಮುಗಿಸುವುದಿಲ್ಲ. ಅನುಭವಿಸಲಿ ಅವನೂ.